ಎರವಲು ಬಂದ ಗುರುತು: ಇಂಗ್ಲಿಷ್ ಪ್ರಶ್ನಾವಾಕ್ಯ, ಪ್ರಶ್ನಚಿಹ್ನೆ ಮತ್ತು ಧಾರವಾಡ ಸೀಮೆಯ ಕನ್ನಡ

ಸಾರಾಂಶ: ಇಂಗ್ಲಿಷಿನಲ್ಲಿ ಪ್ರಶ್ನಾರ್ಥವು ಮುಖ್ಯವಾಗಿ ಪದಕ್ರಮದಲ್ಲಿಯೂ ಕನ್ನಡದಲ್ಲಿ ಪದಕ್ಕೆ ಹತ್ತುವ ಅವ್ಯಯದಲ್ಲಿಯೂ ಇರುತ್ತದೆ. ಪದಕ್ರಮದ ಭಾಷೆಯೊಂದರ ಮುದ್ರಣ ಪರಂಪರೆಯಿಂದ ಬಂದ ಪ್ರಶ್ನಚಿಹ್ನೆ ಕನ್ನಡ ಬರಹದಲ್ಲಿ ಯಾವ ಕೆಲಸವನ್ನು ವಹಿಸಿಕೊಂಡಿತು, ಅದರ ಜೊತೆಗೆ ಬಂದ ನಿಯಮಗಳಲ್ಲಿ ಯಾವುದು ಕನ್ನಡಕ್ಕೆ ಹೊಂದಲಿಲ್ಲ ಎಂಬುದನ್ನು ಈ ಲೇಖನ ಚಾರಿತ್ರಿಕವಾಗಿ ಪರಿಶೀಲಿಸುತ್ತದೆ. ಉದಾಹರಣೆಗಳನ್ನು ಕಲಘಟಗಿ ತಾಲೂಕಿನ ಆಡುಮಾತಿನಿಂದಲೂ ಬರಹದ ಕನ್ನಡದಿಂದಲೂ ತೆಗೆದುಕೊಳ್ಳಲಾಗಿದೆ.

ಕೀಲಿಪದಗಳು: ಪ್ರಶ್ನಾರ್ಥಕ ಅವ್ಯಯ, ಲೇಖನಚಿಹ್ನೆ, ಪರೋಕ್ಷ ಪ್ರಶ್ನೆ, ಗ್ರಂಥಸಂಪಾದನೆ, ಧಾರವಾಡ ಕನ್ನಡ

1. ಒಂದು ಬಸ್ಸು, ನಾಲ್ಕು ಪ್ರಶ್ನೆ

ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ಬಸ್ಸಿಗೆ ಕಾಯುವವರ ಮಾತಿನಿಂದ ಆರಂಭಿಸಬಹುದು. ಈಗಷ್ಟೇ ಬಂದು ನಿಂತವರು ಮೊದಲೇ ನಿಂತಿದ್ದವರನ್ನು “ಬಸ್ ಹೋತೇನ್ರಿ” ಎಂದು ಕೇಳುತ್ತಾರೆ. ತಡವಾಗಿದೆಯೆಂಬ ಅನುಮಾನವಿದ್ದರೆ “ಹೋತೋ ಇಲ್ಲೋ” ಎನ್ನುತ್ತಾರೆ. ಹೋಯಿತೆಂಬ ಸುದ್ದಿಯನ್ನು ದಾರಿಯಲ್ಲಿ ಯಾರೋ ಹೇಳಿದ್ದರೆ, “ಹೋತಂತೇನ್ರಿ”. ಬರಲೇ ಇಲ್ಲವೆಂದು ತೋರಿದರೆ, “ಇನ್ನೂ ಬಂದಿಲ್ಲೇನ್ರಿ”. ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ “ಹೌದ್ರಿ, ಬಂದಿಲ್ಲ”.

ಈ ನಾಲ್ಕೂ ಮಾತುಗಳನ್ನು ಬರಹಕ್ಕೆ ಇಳಿಸುವಾಗ ಕೊನೆಗೆ ಪ್ರಶ್ನಚಿಹ್ನೆ ಹಾಕದಿದ್ದರೂ ಓದುಗನಿಗೆ ಯಾವ ಸಂದೇಹವೂ ಉಂಟಾಗುವುದಿಲ್ಲ. ಮೇಲಿನ ಸಾಲುಗಳಲ್ಲಿ ನಾನು ಅದನ್ನು ಬೇಕೆಂದೇ ಹಾಕಿಲ್ಲ. ‘ಹೋತಂತೇನ್ರಿ’ ಎಂಬ ಒಂದೇ ಪದದಲ್ಲಿ ‘ಹೋಯಿತು’ ಎಂಬ ಕ್ರಿಯಾರೂಪ, ಕೇಳಿದ ಸುದ್ದಿಯೆಂದು ಸೂಚಿಸುವ ‘ಅಂತ’, ಪ್ರಶ್ನೆಯ ‘ಏನ್’, ಕೇಳುಗನಿಗೆ ಸಲ್ಲುವ ಗೌರವದ ‘ರಿ’ ಇದೇ ಕ್ರಮದಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಕ್ರಮ ಬದಲಿಸಲು ಬರುವುದಿಲ್ಲ. ‘ರಿ’ ಇರುವ ಜಾಗದಲ್ಲಿ ‘ಪಾ’, ‘ವಾ’, ‘ಲೇ’ ಬಂದರೆ ಸಂಬಂಧ ಬದಲಾದೀತೇ ಹೊರತು ಪ್ರಶ್ನೆ ಬದಲಾಗದು.

ಇದೇ ವ್ಯಕ್ತಿ ಇಂಗ್ಲಿಷಿನಲ್ಲಿ ಕೇಳಬೇಕಾದಾಗ ‘ದಿ ಬಸ್ ಹ್ಯಾಸ್ ಗಾನ್’ ಎಂಬ ಹೇಳಿಕೆಯ ಮೊದಲೆರಡು ಅಂಗಗಳನ್ನು ಅದಲುಬದಲು ಮಾಡಿ ‘ಹ್ಯಾಸ್ ದಿ ಬಸ್ ಗಾನ್’ ಎನ್ನಬೇಕು. ಪದವೊಂದನ್ನೂ ಸೇರಿಸಿದ್ದಿಲ್ಲ, ತೆಗೆದದ್ದಿಲ್ಲ. ಜಾಗ ಮಾತ್ರ ಬದಲಾಯಿತು. ಪ್ರಶ್ನಚಿಹ್ನೆ ಹುಟ್ಟಿ ಬೆಳೆದದ್ದು ಕ್ರಿಯಾಪದದ ಸ್ಥಾನಕ್ಕೂ ಸ್ವರದ ಏರಿಳಿತಕ್ಕೂ ಪ್ರಶ್ನೆಯ ಹೊರೆಯನ್ನು ಹೊರಿಸಿದ ಇಂಥ ಭಾಷೆಗಳ ನಡುವೆ. ಹಾಗಾದರೆ ಕನ್ನಡದಲ್ಲಿ ಅದು ಕೇವಲ ಅಲಂಕಾರವೇ? ಅಲ್ಲವೆಂಬುದು ನನ್ನ ವಾದ. ಆದರೆ ಅದು ಇಲ್ಲಿ ಮಾಡುವ ಕೆಲಸ ಇಂಗ್ಲಿಷಿನಲ್ಲಿ ಮಾಡುವ ಕೆಲಸವಲ್ಲ.

2. ಇಂಗ್ಲಿಷ್ ಪ್ರಶ್ನೆಯ ಎರಡು ಚರಿತ್ರೆಗಳು

ಇಂದು ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಪ್ರಶ್ನೆಯ ನಿಯಮವೆಂದು ಹೇಳಿಕೊಡುವುದು ಆ ಭಾಷೆಯ ಅನಾದಿ ಗುಣವಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಯಾವುದೇ ಪೂರ್ಣಕ್ರಿಯಾಪದ ಕರ್ತೃವಿನ ಮುಂದೆ ಬಂದು ನಿಂತರೆ ಪ್ರಶ್ನೆಯಾಗುತ್ತಿತ್ತು. ಸಹಾಯಕ ಕ್ರಿಯಾಪದ ಬೇಕಿರಲಿಲ್ಲ. ಜರ್ಮನ್ ಭಾಷೆಯಲ್ಲಿ ಈಗಲೂ ಸ್ಥಿತಿ ಹಾಗೆಯೇ ಇದೆ. ಸಹಾಯಕವಿಲ್ಲದ ಕಡೆ ‘ಡು’ ಎಂಬುದನ್ನು ತಂದು ನಿಲ್ಲಿಸುವ ಪದ್ಧತಿ 15ನೆಯ ಶತಮಾನದಲ್ಲಿ ಬೇರುಬಿಟ್ಟು 16ನೆಯ ಶತಮಾನದಲ್ಲಿ ವೇಗವಾಗಿ ಹರಡಿತು. ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗಾರ್ಡ್ 1953ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಹರಡುವಿಕೆಯನ್ನು ಕಾಲಘಟ್ಟಗಳಾಗಿ ವಿಂಗಡಿಸಿ ಎಣಿಸಿ ತೋರಿಸಿತು. ಆಂಥನಿ ಕ್ರಾಕ್ 1989ರಲ್ಲಿ ಅದೇ ಅಂಕಿಗಳನ್ನು ಮತ್ತೆ ಪರೀಕ್ಷಿಸಿ, ವಾಕ್ಯದ ಬೇರೆ ಬೇರೆ ಪರಿಸರಗಳಲ್ಲಿ ಬದಲಾವಣೆಯ ಪ್ರಮಾಣ ಬೇರೆಯಾಗಿದ್ದರೂ ಅದರ ವೇಗ ಒಂದೇ ಆಗಿರುತ್ತದೆಂಬ ಸಿದ್ಧಾಂತಕ್ಕೆ ಅವನ್ನು ಆಧಾರವಾಗಿಸಿಕೊಂಡರು. ‘ತಿಳಿ’ ಎಂಬರ್ಥದ ‘ನೋ’ ಮೊದಲಾದ ಕೆಲವು ಕ್ರಿಯಾಪದಗಳು ಮಾತ್ರ ಬಹುಕಾಲ ಹಳೆಯ ರೀತಿಯಲ್ಲೇ ಉಳಿದವು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಎರಡೂ ಬಗೆಗಳು ಅಕ್ಕಪಕ್ಕದಲ್ಲಿ ಕಾಣುವುದು ಈ ಸಂಧಿಕಾಲದ ಫಲ.

ಚಿಹ್ನೆಯ ಚರಿತ್ರೆ ಇದಕ್ಕಿಂತ ಹಳೆಯದು, ಮತ್ತು ವ್ಯಾಕರಣಕ್ಕಿಂತ ಗಾಯನಕ್ಕೆ ಹತ್ತಿರವಾದದ್ದು. ಎಂ. ಬಿ. ಪಾರ್ಕ್ಸ್ ತಮ್ಮ 1992ರ ಗ್ರಂಥದಲ್ಲಿ ವಿವರಿಸುವಂತೆ, ಬಿಂದುವಿನ ಮೇಲೆ ಅಲೆಯಂತೆ ಏರುವ ಗೆರೆಯೊಂದನ್ನು ಬರೆಯುವ ಪ್ರಶ್ನಚಿಹ್ನೆ 8ನೆಯ ಶತಮಾನದ ಕೊನೆಯ ಭಾಗದ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಕಾಣಿಸಿಕೊಂಡಿತು. ಮಠಗಳಲ್ಲಿ ಗಟ್ಟಿಯಾಗಿ ಓದುವವನಿಗೆ ಎಲ್ಲಿ ಸ್ವರ ಏರಿಸಬೇಕೆಂಬ ಸೂಚನೆ ಅದು. ಇಂಗ್ಲೆಂಡಿನ ಮುದ್ರಕ ಹೆನ್ರಿ ಡೆನಮ್ 1580ರ ದಶಕದಲ್ಲಿ ಉತ್ತರವನ್ನು ಬಯಸದ ಪ್ರಶ್ನೆಗಳಿಗೆಂದು ತಿರುವುಮುರುವಾದ ಇನ್ನೊಂದು ಚಿಹ್ನೆಯನ್ನು ಬಳಸಿನೋಡಿದ. ಅದು ಬಹುಕಾಲ ಬಾಳಲಿಲ್ಲ. ಸ್ಪ್ಯಾನಿಷ್ ಅಕಾಡೆಮಿ 1754ರಲ್ಲಿ ವಾಕ್ಯದ ಆರಂಭಕ್ಕೂ ತಲೆಕೆಳಗಾದ ಪ್ರಶ್ನಚಿಹ್ನೆಯನ್ನು ವಿಧಿಸಿತು. ಪ್ರಶ್ನೆಯನ್ನು ಪದಕ್ರಮ ಯಾವಾಗಲೂ ತೋರಿಸಿಕೊಡದ ಭಾಷೆಯಲ್ಲಿ ಓದುಗನಿಗೆ ಮೊದಲೇ ಎಚ್ಚರಿಕೆ ಬೇಕಾಗುತ್ತದೆಯಲ್ಲವೆ.

ಅರ್ಮೇನಿಯನ್ ಬರಹವನ್ನು ಇಲ್ಲಿ ನೆನೆಯದೆ ಇರಲಾರೆ. ಅಲ್ಲಿ ಪ್ರಶ್ನಚಿಹ್ನೆಯನ್ನು ವಾಕ್ಯದ ಕೊನೆಯಲ್ಲಿ ಇಡುವುದಿಲ್ಲ. ಯಾವ ಪದದ ಬಗ್ಗೆ ಪ್ರಶ್ನೆಯೋ ಆ ಪದದ ಸ್ವರದ ಮೇಲೆಯೇ ಇಡುತ್ತಾರೆ. ‘ಅವನು ಬಂದದ್ದು ನಿನ್ನೆಯೇ’, ‘ನಿನ್ನೆ ಬಂದದ್ದು ಅವನೇ’ ಎಂದು ಪ್ರಶ್ನೆಯ ಗುರಿಗೆ ಅವ್ಯಯವನ್ನು ಅಂಟಿಸುವ ಕನ್ನಡಕ್ಕೆ ಈ ಪದ್ಧತಿಯೇ ಸಹಜವಾಗಿ ಒಪ್ಪುತ್ತಿತ್ತೇನೋ. ಆದರೆ ನಮ್ಮ ಅಚ್ಚಿನ ಮೊಳೆಗಳು ಅರ್ಮೇನಿಯಾದಿಂದ ಬರಲಿಲ್ಲ.

3. ಚಿಹ್ನೆಯಿಲ್ಲದ ಕನ್ನಡ

ಹಳಗನ್ನಡದ ಶಾಸನಗಳೂ ಓಲೆಗರಿಗಳೂ ದಂಡ ಮತ್ತು ಜೋಡಿದಂಡಗಳಿಂದ ತೃಪ್ತವಾಗಿದ್ದವು. ಪ್ರಶ್ನೆಗೆ ಬೇರೆ ಗುರುತು ಇರಲಿಲ್ಲ. ಗದ್ಯದಲ್ಲಿ ಪ್ರಶ್ನೆಯನ್ನು ಎತ್ತಿ ತೋರಿಸುತ್ತಿದ್ದುದು ಕಥನದ ಕ್ರಿಯಾಪದ: ವಡ್ಡಾರಾಧನೆಯಲ್ಲಿ ‘ಬೆಸಗೊಳ್’ ಎಂಬ ಧಾತುವಿನ ರೂಪಗಳು ಈ ಕೆಲಸವನ್ನು ಮಾಡುತ್ತವೆ. ಪಾತ್ರವೊಂದು ಕೇಳಿತೆಂದು ಕಥೆಗಾರನೇ ಹೇಳಿದ ಮೇಲೆ ಪ್ರತ್ಯೇಕ ಚಿಹ್ನೆಯ ಹಂಗೇಕೆ?

ಪ್ರಶ್ನೆಯ ಸ್ವರವನ್ನು ಬರಹದಲ್ಲಿ ತೋರಿಸುವ ಕಲ್ಪನೆ ಭಾರತೀಯ ಪರಂಪರೆಗೆ ಅಪರಿಚಿತವಾಗಿತ್ತೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಪಾಣಿನಿಯ ಅಷ್ಟಾಧ್ಯಾಯಿಯ 8ನೆಯ ಅಧ್ಯಾಯದ 2ನೆಯ ಪಾದವು ಪ್ರಶ್ನೆಯಲ್ಲಿಯೂ ಅದಕ್ಕೆ ಕೊಡುವ ಉತ್ತರದಲ್ಲಿಯೂ ಸ್ವರ ಪ್ಲುತವಾಗುವುದನ್ನು ವಿಧಿಸುತ್ತದೆ. ಮೂರು ಮಾತ್ರೆಯ ಈ ಸ್ವರವನ್ನು ವೈದಿಕ ಗ್ರಂಥಗಳಲ್ಲಿ 3 ಎಂಬ ಅಂಕಿಯಿಂದ ತೋರಿಸುವ ರೂಢಿಯುಂಟು; ಋಗ್ವೇದದ 10ನೆಯ ಮಂಡಲದ ನಾಸದೀಯ ಸೂಕ್ತದಲ್ಲಿ ‘ಕೆಳಗೋ, ಮೇಲೋ’ ಎಂದು ವಿಚಾರಿಸುವಲ್ಲಿ ಆ ಅಂಕಿ ಕಾಣುತ್ತದೆ. ಗಾಯನದ ಸೂಚನೆಯಾಗಿ ಹುಟ್ಟಿದ ಯುರೋಪಿನ ಚಿಹ್ನೆಗೂ ಉಚ್ಚಾರಣೆಯ ಸೂಚನೆಯಾಗಿ ಹುಟ್ಟಿದ ಈ ಅಂಕಿಗೂ ಇರುವ ಸಾಮ್ಯ ಗಮನಾರ್ಹ. ಕೇಶಿರಾಜನೂ ಸುಮಾರು 1260ರಲ್ಲಿ ರಚಿತವಾದ ಶಬ್ದಮಣಿದರ್ಪಣದಲ್ಲಿ ಪ್ಲುತವನ್ನು ಬಲ್ಲ, ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆದರೆ ಪ್ಲುತದ ಅಂಕಿ ಕನ್ನಡದ ಲೌಕಿಕ ಬರಹಕ್ಕೆ ಪ್ರಶ್ನಚಿಹ್ನೆಯಾಗಿ ಇಳಿದು ಬರಲಿಲ್ಲ.

ಹಳೆಯ ಬರಹದ ಇನ್ನೊಂದು ಗುಣ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಶಾಸನಗಳಲ್ಲಿಯೂ ಬಹುಪಾಲು ಓಲೆಗರಿಗಳಲ್ಲಿಯೂ ಎ–ಏ, ಒ–ಓ ಸ್ವರಗಳ ಹ್ರಸ್ವ–ದೀರ್ಘ ಭೇದವನ್ನು ಬರೆದು ತೋರಿಸುತ್ತಿರಲಿಲ್ಲ. ಕನ್ನಡದ ಪ್ರಶ್ನಾರ್ಥಕ ಅವ್ಯಯಗಳು ಏ, ಓ, ಆ. ಎಂದರೆ ಪ್ರಶ್ನೆಯನ್ನು ಹೊರುವ ಸ್ವರಗಳಲ್ಲಿ ಎರಡರ ದೈರ್ಘ್ಯವೇ ಬರಹದಲ್ಲಿ ಮರೆಯಾಗಿತ್ತು. ಓದುವವನು ತಾನೇ ಅದನ್ನು ತುಂಬಿಕೊಳ್ಳಬೇಕಿತ್ತು. ‘ಬಲ್ಲುದೆ’ ಎಂದು ಅಚ್ಚಾದುದನ್ನು ಈಗ ನಾವು ಓದುವಾಗ ಪ್ರಶ್ನೆಯೆಂದು ಗ್ರಹಿಸುವುದು ಈ ಹಳೆಯ ಓದಿನ ಅಭ್ಯಾಸದಿಂದಲೇ.

4. ಮೊಳೆಗಳ ಜೊತೆ ಬಂದ ನಿಯಮ

19ನೆಯ ಶತಮಾನದಲ್ಲಿ ಕನ್ನಡಕ್ಕೆ ಅಚ್ಚೂ ಇಂಗ್ಲಿಷಿನಲ್ಲಿ ಬರೆದ ವ್ಯಾಕರಣಗಳೂ ಸರಿಸುಮಾರು ಒಟ್ಟಿಗೆ ಬಂದವು. ವಿಲಿಯಂ ಕೇರಿಯ ವ್ಯಾಕರಣ ಶ್ರೀರಾಂಪುರದಲ್ಲಿ 1817ರಲ್ಲಿ, ಜಾನ್ ಮೆಕೆರೆಲನದು ಮದ್ರಾಸಿನಲ್ಲಿ 1820ರಲ್ಲಿ ಪ್ರಕಟವಾದವು. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದಿತು. ಅದರ ಮಂಗಳೂರಿನ ಕಲ್ಲಚ್ಚಿನಲ್ಲಿ 1843ರ ಜುಲೈನಿಂದ ಹೆರ್ಮನ್ ಮೊಗ್ಲಿಂಗನ ಮಂಗಳೂರ ಸಮಾಚಾರ ಹೊರಬಂದಿತು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಧಾರವಾಡಕ್ಕೆ ಬಂದವನು; ಅವನ ನಿಘಂಟು 1894ರಲ್ಲಿ, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ ಅವನು ತೀರಿಕೊಂಡ ವರ್ಷವಾದ 1903ರಲ್ಲಿ ಬಂದವು.

ಧಾರವಾಡ ಸೀಮೆಯ ಮಟ್ಟಿಗೆ ಇನ್ನೊಂದು ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯುವವರೆಗೆ ಇಲ್ಲಿಯ ಶಾಲೆ ಕಚೇರಿಗಳಲ್ಲಿ ಮರಾಠಿಯ ಮೇಲುಗೈ ಇತ್ತು. ಮರಾಠಿ ಬರಹಕ್ಕೆ ಇಂಗ್ಲಿಷ್ ಮಾದರಿಯ ವಿರಾಮಚಿಹ್ನೆಗಳನ್ನು ತಂದ ಹೆಸರು ಮೋಲ್ಸ್‌ವರ್ಥನ ಮರಾಠಿ ನಿಘಂಟಿನಲ್ಲಿ ಸಹಾಯಕನಾಗಿದ್ದ ಮೇಜರ್ ಥಾಮಸ್ ಕ್ಯಾಂಡಿಯದು. ಮೋಡಿಯಲ್ಲಿ ಎಡೆಬಿಡದೆ ಬರೆಯುತ್ತಿದ್ದ ಕೈಗಳಿಗೆ ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಚಿಹ್ನೆಗಳನ್ನು ಕಲಿಸಿದ ಇಲಾಖೆಯೇ ಧಾರವಾಡದ ಶಾಲೆಗಳನ್ನೂ ನಡೆಸುತ್ತಿತ್ತು. ಆದ್ದರಿಂದ ಮಂಗಳೂರಿನ ಮಿಷನ್ ಅಚ್ಚುಕೂಟ ಮತ್ತು ಮುಂಬಯಿಯ ವಿದ್ಯಾ ಇಲಾಖೆ ಎಂಬ ಎರಡು ದಿಕ್ಕುಗಳಿಂದ ಈ ಚಿಹ್ನೆ ಇಲ್ಲಿಗೆ ಬಂದಿತೆಂದು ಊಹಿಸುವುದು ಅಸಂಗತವಾಗಲಾರದು. ಚನ್ನಬಸಪ್ಪನವರೇ 1871ರಲ್ಲಿ ಷೇಕ್ಸ್‌ಪಿಯರನ ಪ್ರಹಸನವೊಂದನ್ನು ಕನ್ನಡಕ್ಕೆ ತಂದರು. ಅವಳಿಗಳನ್ನು ಒಬ್ಬರೆಂದು ತಪ್ಪಾಗಿ ತಿಳಿದವರು ಒಬ್ಬರನ್ನೊಬ್ಬರು ಕೇಳುತ್ತಲೇ ಹೋಗುವ ಆ ನಾಟಕಕ್ಕಿಂತ ಪ್ರಶ್ನೆಗಳು ದಟ್ಟವಾದ ಕೃತಿ ಅನುವಾದಕನಿಗೆ ಸಿಗುವುದು ಕಷ್ಟ.

ಮೊಳೆಯ ಜೊತೆಗೆ ಬಂದದ್ದು ನಿಯಮ. ಲಿಂಡ್ಲಿ ಮರ್ರೆ 1795ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣ ಅಸಂಖ್ಯ ಶಾಲಾ ವ್ಯಾಕರಣಗಳ ತಾಯಿ. ಪ್ರಶ್ನೆಯನ್ನು ಕೇಳಲಾಯಿತೆಂದು ವರದಿ ಮಾತ್ರ ಮಾಡುವ ವಾಕ್ಯಕ್ಕೆ ಪ್ರಶ್ನಚಿಹ್ನೆ ಸಲ್ಲದೆಂದು ಅದು ವಿಧಿಸಿತು. ಇಂಗ್ಲಿಷಿನಲ್ಲಿ ಈ ನಿಯಮಕ್ಕೆ ಗಟ್ಟಿಯಾದ ವ್ಯಾಕರಣದ ನೆಲೆಯಿದೆ. ನೇರ ಪ್ರಶ್ನೆಯಲ್ಲಿ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಜಿಗಿದಿರುತ್ತದೆ. ಪರೋಕ್ಷವಾದಾಗ ಅದು ತನ್ನ ಜಾಗಕ್ಕೆ ಮರಳುತ್ತದೆ, ಸರ್ವನಾಮವೂ ಕಾಲವೂ ಬದಲಾಗುತ್ತವೆ. ‘ವೇರ್ ಆರ್ ಯು ಗೋಯಿಂಗ್’ ಎಂಬುದು ‘ವೇರ್ ಹಿ ವಾಸ್ ಗೋಯಿಂಗ್’ ಎಂದಾಗುತ್ತದೆ. ಪದಕ್ರಮವೇ ಪ್ರಶ್ನೆಯ ವೇಷ ಕಳಚಿಟ್ಟ ಮೇಲೆ ಚಿಹ್ನೆಗೆ ಅಲ್ಲಿ ಕೆಲಸವಿಲ್ಲ.

ಕನ್ನಡದಲ್ಲಿ ಕಳಚಿಡಲು ವೇಷವೇ ಇಲ್ಲ. ‘ಎಲ್ಲಿಗೆ ಹೊರಟಿದ್ದೀ’ ಎಂಬ ಪ್ರಶ್ನೆಗೆ ‘ಎಂದು ಕೇಳಿದ’ ಎಂಬುದನ್ನು ಹಚ್ಚಿದರೆ ಸಾಕು, ಒಳಗಿನ ವಾಕ್ಯದ ಒಂದಕ್ಷರವೂ ಅಲುಗದೆ ವರದಿ ಸಿದ್ಧವಾಗುತ್ತದೆ. ಇದು ಉದ್ಧರಣೆಯೋ ಪರೋಕ್ಷವೋ ಎಂಬುದನ್ನು ‘ಎಂದು’ ತಾನಾಗಿ ಹೇಳುವುದಿಲ್ಲ. (‘ಎಂದು ಬರುವೆ ಎಂದು ಕೇಳಿದ’ ಎಂಬಲ್ಲಿ ಕಾಲವಾಚಿ ‘ಎಂದು’ ಪ್ರಶ್ನೆ ಕೇಳುತ್ತದೆ, ಎರಡನೆಯ ‘ಎಂದು’ ಅದನ್ನು ಹೊತ್ತೊಯ್ಯುತ್ತದೆ. ಇಂಥ ವಾಕ್ಯ ಭಾಷೆ ಕಲಿಯುವವರ ಪಾಲಿಗೆ ಒಂದು ಚೇಷ್ಟೆಯೇ ಸರಿ.) ಹೀಗಾಗಿ ಮುದ್ರಿತ ಕನ್ನಡದಲ್ಲಿ ‘ಎಂದು’ವಿಗೆ ಮೊದಲು ಪ್ರಶ್ನಚಿಹ್ನೆ ಹಾಕುವವರೂ ಹಾಕದವರೂ ಅಕ್ಕಪಕ್ಕದಲ್ಲಿದ್ದಾರೆ, ಒಂದೇ ಪುಸ್ತಕದಲ್ಲಿ ಎರಡೂ ಕಾಣುವುದುಂಟು. ಇದನ್ನು ಅಶಿಸ್ತೆಂದು ತಿದ್ದುವವರು ಮರ್ರೆಯ ನಿಯಮವನ್ನು ಅದಕ್ಕೆ ಆಧಾರವಾದ ಪದಕ್ರಮವಿಲ್ಲದ ಭಾಷೆಗೆ ಹೇರುತ್ತಿದ್ದಾರೆ.

ಪರೋಕ್ಷ ಪ್ರಶ್ನೆಗೆ ಕನ್ನಡದಲ್ಲಿ ವ್ಯಾಕರಣವೇ ಇಲ್ಲವೆಂದು ಇದರ ಅರ್ಥವಲ್ಲ. ‘ಅವನು ಎಲ್ಲಿಗೆ ಹೋದನೋ ಗೊತ್ತಿಲ್ಲ’, ‘ಬಂದನೋ ಇಲ್ಲವೋ ತಿಳಿಯದು’ ಎಂಬಲ್ಲಿಯ ಓಕಾರ ನಿಜವಾದ ಅಧೀನ ಪ್ರಶ್ನೆಯ ಗುರುತು. ಅದು ‘ಅದೋ ಇದೋ’ ಎಂಬ ವಿಕಲ್ಪದ ಓಕಾರವೇ ಹೌದು. ಆರ್. ಅಮೃತವಲ್ಲಿಯವರು 2003ರಲ್ಲಿ ಪ್ರಶ್ನೆಯನ್ನೂ ವಿಕಲ್ಪವನ್ನೂ ಒಂದೇ ರಚನೆಯ ಎರಡು ಮುಖಗಳಾಗಿ ಕಂಡ ವಿಶ್ಲೇಷಣೆಗೆ ಕನ್ನಡ ಇಷ್ಟು ಅನುಕೂಲವಾಗಿ ಒದಗಿಬಂದದ್ದು ಇದರಿಂದಲೇ. ‘ಯಾರು ಬರುತ್ತಾರೋ ಅವರು ಉಣ್ಣಲಿ’ ಎಂಬಲ್ಲಿ ಪ್ರಶ್ನಾಪದವಿದ್ದರೂ ಪ್ರಶ್ನೆಯಿಲ್ಲ. ‘ಯಾರೂ’, ‘ಯಾರೋ’, ‘ಯಾರೇ’ ಎಂಬವೂ ಹಾಗೆಯೇ. ಕನ್ನಡ ಶಾಲೆಯ ಮಗುವಿಗೆ ಪ್ರಶ್ನಚಿಹ್ನೆ ಎಲ್ಲಿ ಬೇಡವೆಂದು ಹೇಳಬೇಕಾದರೆ ಹಿಡಿದು ತೋರಿಸಬೇಕಾದದ್ದು ಈ ಓಕಾರವನ್ನು. ನಮ್ಮ ಪಠ್ಯಗಳು ಸಾಮಾನ್ಯವಾಗಿ ‘ಪ್ರಶ್ನೆ ಕೇಳುವ ವಾಕ್ಯದ ಕೊನೆಯಲ್ಲಿ’ ಎಂಬ ಒಂದು ಸಾಲಿಗೆ ನಿಲ್ಲುತ್ತವೆ.

5. ಚಿಹ್ನೆ ಇಲ್ಲಿ ಕಲಿತ ಕೆಲಸ

ಅವ್ಯಯವೇ ಪ್ರಶ್ನೆಯನ್ನು ಹೇಳುವುದಾದರೆ ಚಿಹ್ನೆ ಅನಗತ್ಯವೆಂಬ ವಾದ ಮೇಲ್ನೋಟಕ್ಕೆ ಬಲವಾಗಿದೆ. ಜಪಾನಿ ಭಾಷೆಯ ವಿಧಿವತ್ತಾದ ಬರಹದಲ್ಲಿ ‘ಕಾ’ ಎಂಬ ಅಂತ್ಯಾವ್ಯಯದ ನಂತರ ಪೂರ್ಣವಿರಾಮ ಹಾಕಿ ಮುಗಿಸುವುದೇ ರೂಢಿ. ಕನ್ನಡಕ್ಕೂ ಅದೇ ಸಾಲದೇ?

ಸಾಲದು. ಏಕೆಂದರೆ ನಮ್ಮ ಏಕಾರ ಏಕನಿಷ್ಠವಾದುದಲ್ಲ. ‘ಬಂದವನು ಅವನೇ.’ ಎಂದರೆ ಬೇರಾರೂ ಅಲ್ಲವೆಂಬ ಅವಧಾರಣೆ, ‘ಬಂದವನು ಅವನೇ?’ ಎಂದರೆ ಸಂದೇಹ. ಅಕ್ಷರಗಳು ಅವೇ. ಮಾತಿನಲ್ಲಿ ಇವನ್ನು ಬೇರ್ಪಡಿಸುವ ಸ್ವರದ ಏರಿಳಿತಕ್ಕೆ ಬರಹದಲ್ಲಿರುವ ಏಕೈಕ ಪ್ರತಿನಿಧಿ ಈ ಎರವಲು ಚಿಹ್ನೆ. ಧಾರವಾಡದ ಆಡುಮಾತಿನಲ್ಲಿ ಈ ಗೊಂದಲ ಕಡಿಮೆ: ಅಲ್ಲಿ ಪ್ರಶ್ನೆಗೆ ‘ಏನ’ ಇದೆ, ಅವಧಾರಣೆಗೆ ಬೇರೆ ರೂಪವಿದೆ. ‘ಬಂದಾಂವ ಅವನ’ ಮತ್ತು ‘ಬಂದಾಂವ ಅವನೇನ’ ಎಂಬವು ಕಿವಿಗೂ ಕಣ್ಣಿಗೂ ಬೇರೆಯೇ. ಮೈಸೂರು–ಬೆಂಗಳೂರು ಕಡೆಯ ಆಡುನುಡಿಯ ಆಕಾರವೂ (‘ಬಂದ್ರಾ’, ‘ಅವನಾ’) ಅವಧಾರಣೆಯ ಜೊತೆ ಬೆರೆಯುವುದಿಲ್ಲ. ವಿಲಿಯಂ ಬ್ರೈಟ್ 1958ರಲ್ಲಿ ವರ್ಣಿಸಿದ್ದು ಆ ಕಡೆಯ ಮಾತನ್ನು. ಎರಡು ಪ್ರಾಂತಗಳೂ ತಮ್ಮ ತಮ್ಮ ಬಗೆಯಲ್ಲಿ ಬಿಡಿಸಿಕೊಂಡ ತೊಡಕನ್ನು ಬರಹದ ಶಿಷ್ಟಕನ್ನಡ ಮಾತ್ರ ಉಳಿಸಿಕೊಂಡಿತು, ಮತ್ತು ಅದನ್ನು ಬಗೆಹರಿಸಲು ಪ್ರಶ್ನಚಿಹ್ನೆಯ ಆಸರೆ ಪಡೆಯಿತು. ಚಿಹ್ನೆ ಬರುವ ಮೊದಲು ಶಿಷ್ಟಬರಹ ಇದನ್ನು ಸಂದರ್ಭಕ್ಕೆ ಬಿಟ್ಟಿತ್ತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಜೋಡಿಯನ್ನು ನೋಡಬಹುದು. ‘ಅವನು ಎಲ್ಲಿಗೆ ಹೋದನೆಂದು ನೀನು ಹೇಳಿದೆ.’ ಎಂಬುದು ಹೇಳಿಕೆ: ಅವನು ಹೋದ ಜಾಗವನ್ನು ನೀನು ತಿಳಿಸಿದೆ. ‘ಅವನು ಎಲ್ಲಿಗೆ ಹೋದನೆಂದು ನೀನು ಹೇಳಿದೆ?’ ಎಂಬುದು ಆ ಜಾಗದ ಹೆಸರನ್ನೇ ಉತ್ತರವಾಗಿ ಬಯಸುವ ಪ್ರಶ್ನೆ. ಇಂಗ್ಲಿಷ್ ಇಲ್ಲಿ ಪ್ರಶ್ನಾಪದವನ್ನು ಎರಡನೆಯ ಅರ್ಥಕ್ಕಾಗಿ ಇಡೀ ವಾಕ್ಯದ ತಲೆಗೆ ಒಯ್ಯುತ್ತದೆ, ಮೊದಲನೆಯದಕ್ಕಾಗಿ ಅಧೀನ ವಾಕ್ಯದ ತಲೆಯಲ್ಲೇ ನಿಲ್ಲಿಸುತ್ತದೆ. ವ್ಯಾಪ್ತಿ ಪದದ ಸ್ಥಾನದಿಂದಲೇ ತಿಳಿಯುತ್ತದೆ. ಕನ್ನಡದ ‘ಎಲ್ಲಿಗೆ’ ಎರಡರಲ್ಲೂ ಕುಳಿತ ಜಾಗ ಬಿಟ್ಟು ಏಳುವುದಿಲ್ಲ. ಪ್ರಶ್ನೆಯ ವ್ಯಾಪ್ತಿ ಒಳವಾಕ್ಯಕ್ಕೆ ಮುಗಿಯಿತೋ ಹೊರವಾಕ್ಯದವರೆಗೆ ಹಬ್ಬಿತೋ ಎಂಬುದನ್ನು ಕಾಗದದ ಮೇಲೆ ತಿಳಿಸುವುದು ಕೊನೆಯ ಚಿಹ್ನೆಯೊಂದೇ. ಇಂಗ್ಲಿಷ್ ವಾಕ್ಯಕ್ಕೆ ಪ್ರಶ್ನಚಿಹ್ನೆ ಹಾಕದಿದ್ದರೂ ಅದು ಪ್ರಶ್ನೆಯೆಂದು ತಿಳಿಯುತ್ತದೆ. ಈ ಕನ್ನಡ ವಾಕ್ಯಕ್ಕೆ ಹಾಕದಿದ್ದರೆ ವಾಕ್ಯವೇ ಬೇರೆ. ಪದಕ್ರಮದ ಭಾಷೆಯಿಂದ ಬಂದ ಚಿಹ್ನೆ, ಅದು ಅನಗತ್ಯವೆಂದು ನಾವು ಮೊದಲು ಎಣಿಸಿದ ಭಾಷೆಯಲ್ಲಿಯೇ, ಹೆಚ್ಚು ಅನಿವಾರ್ಯವಾದ ಹುದ್ದೆಯೊಂದನ್ನು ಪಡೆದಿದೆ.

6. ಮರುದಾರಿ: ಕನ್ನಡಿಗರ ಇಂಗ್ಲಿಷ್

ಎರವಲು ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. ಭಾರತೀಯ ಇಂಗ್ಲಿಷಿನ ವಿವರಣೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿರುವ ಎರಡು ಲಕ್ಷಣಗಳು ನಮ್ಮ ಕಾಲೇಜುಗಳ ಉತ್ತರಪತ್ರಿಕೆಗಳಲ್ಲಿ ನಿತ್ಯದ ಅನುಭವ: ಮುಖ್ಯವಾಕ್ಯದಲ್ಲಿ ‘ವೇರ್ ಯು ಆರ್ ಗೋಯಿಂಗ್’ ಎಂಬ ಅದಲುಬದಲಿಲ್ಲದ ಕ್ರಮ, ಅಧೀನ ವಾಕ್ಯದಲ್ಲಿ ‘ಐ ಡೋಂಟ್ ನೋ ವೇರ್ ಈಸ್ ಹಿ ಗೋಯಿಂಗ್’ ಎಂಬ ಅನಪೇಕ್ಷಿತ ಅದಲುಬದಲು. ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಇದೆ ಎಂದು ಶಿಕ್ಷಕರು ತಲೆ ಚಚ್ಚಿಕೊಳ್ಳುವುದನ್ನು ನಾನೂ ಮಾಡಿದ್ದೇನೆ. ಆದರೆ ‘ಎಂದು’ವಿನ ವರ್ತನೆಯನ್ನು ನೆನೆದರೆ ಎರಡನೆಯದು ಅಕಾರಣವಲ್ಲ. ಪರೋಕ್ಷವಾದರೂ ಒಳಗಿನ ಪ್ರಶ್ನೆ ತನ್ನ ನೇರರೂಪವನ್ನೇ ಇಟ್ಟುಕೊಳ್ಳುತ್ತದೆಂಬುದು ಈ ವಿದ್ಯಾರ್ಥಿ ತನ್ನ ಮನೆಮಾತಿನಲ್ಲಿ ಕಲಿತ ವ್ಯಾಕರಣ. ಇಂಗ್ಲಿಷಿನ ನೇರ ಪ್ರಶ್ನೆಯ ರೂಪವನ್ನು ಕಷ್ಟಪಟ್ಟು ಕಲಿತ ಮೇಲೆ ಅದನ್ನೂ ಹಾಗೆಯೇ ಇಡುತ್ತಾನೆ. ಇದೊಂದೇ ಕಾರಣವೆಂದು ನಾನು ಹೇಳಲಾರೆ, ಇದೇ ಲಕ್ಷಣ ಕನ್ನಡವರಿಯದ ಕಲಿಕೆಯವರಲ್ಲಿಯೂ ಉಂಟು.

ಬಾಲಪ್ರಶ್ನೆಯ ವಿಷಯ ಸುಲಭ. ಇಂಗ್ಲಿಷಿನ ಬಾಲಪ್ರಶ್ನೆ ಮುಖ್ಯವಾಕ್ಯದ ಸಹಾಯಕವನ್ನು ನಕಲುಮಾಡಿ, ನಿಷೇಧವನ್ನು ತಿರುಗಿಸಿ, ಕರ್ತೃವಿಗೆ ಸರ್ವನಾಮ ಹಚ್ಚಬೇಕು. ಕನ್ನಡದ ‘ಅಲ್ಲವೇ’, ಧಾರವಾಡದ ‘ಹೌದಿಲ್ಲೋ’ ಯಾವ ವಾಕ್ಯದ ಹಿಂದಾದರೂ ಬದಲಾಗದೆ ನಿಲ್ಲುತ್ತವೆ. ‘ಈಸಂಟ್ ಇಟ್’ ಅವುಗಳ ಜಾಗದಲ್ಲಿ ಸುಖವಾಗಿ ಕುಳಿತಿದೆ. ನಿಷೇಧ ಪ್ರಶ್ನೆಗೆ ಕೊಡುವ ಉತ್ತರದಲ್ಲಿಯೂ ಇದೇ ಕಥೆ: ದೇವಿಕೊಪ್ಪದ ‘ಹೌದ್ರಿ, ಬಂದಿಲ್ಲ’ ಕೇಳಿದವನ ಊಹೆಯನ್ನು ಒಪ್ಪುತ್ತದೆ, ಇಂಗ್ಲಿಷಿನ ‘ನೋ’ ವಾಕ್ಯದ ನಿಷೇಧವನ್ನು ಒಪ್ಪುತ್ತದೆ.

ಧಾರವಾಡದ ‘ಏನ’ದ ಬಗ್ಗೆ ಒಂದು ಮಾತು. ‘ಏನು’ ಎಂಬ ಪ್ರಶ್ನಾಪದವೇ ವಾಕ್ಯದ ಕೊನೆಯಲ್ಲಿ ಹೌದು–ಅಲ್ಲ ಪ್ರಶ್ನೆಯ ಗುರುತಾಗಿ ನಿಲ್ಲುವುದ, ದಕ್ಷಿಣದ ಮರಾಠಿಯ ‘ಕಾಯ’ ಮತ್ತು ದಖನಿಯ ‘ಕ್ಯಾ’ ಕೂಡ ವಾಕ್ಯದ ಕೊನೆಗೆ ಬರುವುದು ಒಂದೇ ಪ್ರದೇಶದ ಸಂಗತಿಗಳು. ಶಿಷ್ಟ ಹಿಂದಿಯ ‘ಕ್ಯಾ’ ಸಾಮಾನ್ಯವಾಗಿ ವಾಕ್ಯದ ಮೊದಲಿಗಿರುತ್ತದೆ. ಯಾರಿಂದ ಯಾರಿಗೆ ಎಂಬ ಪ್ರಶ್ನೆಗೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರಗಳ ಆಡುಮಾತುಗಳ ಹೋಲಿಕೆಯ ಅಧ್ಯಯನ ಬೇಕು. ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲು ಇದು ಯೋಗ್ಯ ವಿಷಯ.

7. ಸಂಪಾದಕನ ಪ್ರಶ್ನೆ, ಕವಿಯ ಪ್ರಶ್ನೆ

ಈ ಚರಿತ್ರೆ ಇಂದಿನ ಸಂಶೋಧನೆಯನ್ನು ನೇರವಾಗಿ ತಾಗುವ ಒಂದು ಜಾಗವಿದೆ. 12ನೆಯ ಶತಮಾನದ ವಚನಗಳು ಓಲೆಗರಿಗಳಲ್ಲಿ ಪ್ರಶ್ನಚಿಹ್ನೆಯಿಲ್ಲದೆ ಉಳಿದುಬಂದವು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ 1923ರಲ್ಲಿ ಅಚ್ಚಾದಂದಿನಿಂದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವೃತ್ತಿಗಳನ್ನು ಹಾದು, ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ 1993ರಲ್ಲಿ ಬಂದ 15 ಸಂಪುಟಗಳವರೆಗೆ, ವಚನಗಳನ್ನು ಓದುಗನಿಗೆ ತಲುಪಿಸಿದ್ದು ಸಂಪಾದಕರ ಲೇಖನಚಿಹ್ನೆಗಳೊಡನೆ. ಒಂದೇ ವಚನದ ಒಂದೇ ವಾಕ್ಯ ಒಂದು ಪುಸ್ತಕದಲ್ಲಿ ಪ್ರಶ್ನಚಿಹ್ನೆಯಿಂದ, ಇನ್ನೊಂದರಲ್ಲಿ ಆಶ್ಚರ್ಯಸೂಚಕದಿಂದ, ಮತ್ತೊಂದರಲ್ಲಿ ಅಲ್ಪವಿರಾಮದಿಂದ ಮುಗಿಯುವುದನ್ನು ವಚನಗಳ ಓದುಗರೆಲ್ಲ ಕಂಡಿರುತ್ತಾರೆ. ಉತ್ತರ ಬಯಸದ ಪ್ರಶ್ನೆಯೇ ವಚನದ ನಡೆಯಲ್ಲಿ ಹೆಚ್ಚು. ಡೆನಮ್ಮನ ತಿರುವುಮುರುವು ಚಿಹ್ನೆ ಉಳಿದಿದ್ದರೆ ನಮ್ಮ ಸಂಪಾದಕರಿಗೆ ಬಹಳ ಉಪಕಾರವಾಗುತ್ತಿತ್ತು.

ಸಂಪಾದಕರನ್ನು ದೂರುವುದು ನನ್ನ ಉದ್ದೇಶವಲ್ಲ. ಚಿಹ್ನೆಯಿಲ್ಲದ ಪಠ್ಯವನ್ನು ಇಂದಿನ ಓದುಗನ ಮುಂದಿಡಲಾಗದು. ಆದರೆ ಗಣಕೀಕೃತ ಪಠ್ಯಕೋಶಗಳಲ್ಲಿ ಪ್ರಶ್ನಾವಾಕ್ಯಗಳನ್ನು ಪ್ರಶ್ನಚಿಹ್ನೆಯಿಂದ ಹುಡುಕಿ ಎಣಿಸುವ ಪ್ರಬಂಧಗಳು ಈಗ ಬರುತ್ತಿವೆ. ನಡುಗನ್ನಡದ ಪಠ್ಯದ ಮೇಲೆ ಹಾಗೆ ಮಾಡಿದಾಗ ಎಣಿಕೆಗೆ ಸಿಗುವುದು ವಚನಕಾರರ ಪ್ರಶ್ನೆಗಳಲ್ಲ, 20ನೆಯ ಶತಮಾನದ ಸಂಪಾದಕರ ತೀರ್ಮಾನಗಳು. ಏಕಾರದಿಂದ ಹುಡುಕಿದರೆ ಅವಧಾರಣೆ ಸೇರಿಕೊಳ್ಳುತ್ತದೆ. ಮೂಲದಲ್ಲಿ ಹ್ರಸ್ವ–ದೀರ್ಘ ಭೇದವಿಲ್ಲದುದರಿಂದ ಆ ಏಕಾರವೂ ಎಷ್ಟೋ ಕಡೆ ಸಂಪಾದಕನದೇ. ಪ್ರಶ್ನಾಪದಗಳಿಂದ ಹುಡುಕಿದರೆ ‘ಯಾರೋ’, ‘ಎಲ್ಲಿಯೂ’ಗಳು ಬಲೆಗೆ ಬೀಳುತ್ತವೆ. ಕನಿಷ್ಠಪಕ್ಷ ಎರಡು ಆವೃತ್ತಿಗಳನ್ನು ಹೋಲಿಸಿ, ಚಿಹ್ನೆ ಬೇರೆಯಾದ ಕಡೆಗಳನ್ನು ಪ್ರತ್ಯೇಕ ಪಟ್ಟಿಮಾಡದೆ ಇಂಥ ಅಂಕಿಗಳನ್ನು ಪ್ರಕಟಿಸಬಾರದೆಂದು ನನ್ನ ಅಭಿಮತ.

ಆಡುಮಾತನ್ನು ಲಿಪ್ಯಂತರಿಸುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಜಾಗದಲ್ಲಿ ಪ್ರಶ್ನಚಿಹ್ನೆಯಿಲ್ಲ, ದಂಡವೂ ಇಲ್ಲ. ದಂಡವನ್ನು ದೇವನಾಗರಿಯ ಜೊತೆಗೂ ಪ್ರಶ್ನಚಿಹ್ನೆಯನ್ನು ಲ್ಯಾಟಿನ್ ಜೊತೆಗೂ ಹಂಚಿಕೊಳ್ಳುತ್ತೇವೆ. ಕಲಘಟಗಿ ತಾಲೂಕಿನ ಧ್ವನಿಮುದ್ರಣಗಳನ್ನು ಬರೆದುಕೊಳ್ಳುವಾಗ ನಾನು ಅವ್ಯಯವಿರುವ ಪ್ರಶ್ನೆಗಳಿಗೆ ಚಿಹ್ನೆ ಹಾಕುವುದನ್ನು ಬಿಟ್ಟಿದ್ದೇನೆ. ಸ್ವರದ ಏರಿಳಿತದಿಂದ ಮಾತ್ರ ಪ್ರಶ್ನೆಯಾದ ಕಡೆ, ಎಂದರೆ ‘ಬಸ್ ಹೋತು?’ ಎಂದು ಯಾರಾದರೂ ನಂಬಲಾಗದೆ ಮರುನುಡಿದಾಗ, ಅಲ್ಲಿ ಮಾತ್ರ ಹಾಕುತ್ತೇನೆ.